ಅವ್ವನ ರಕ್ತ ಹೇಳದೆ ಬಿಟ್ಟದ್ದು

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಕೆಂಪು ರಕ್ತಕಣ, ಬಿಳಿ ರಕ್ತಕಣ ಎಂದು ಬೋರ್ಡಿನ ಮೇಲೆ ಚಿತ್ರ ಬಿಡಿಸಿ ಹುಡುಗರ ತಲೆ ತಿನ್ನುವುದೇ ನನ್ನ ಕಸುಬು. ಹೀಗಾಗಿ ಒಂದು ಮುಂಜಾನೆ ಅವ್ವ ತಾನಾಗಿಯೇ "ನನ್ನ ರಕ್ತ ಒಮ್ಮೆ ತಪಾಸ ಮಾಡ್ಸಪಾ" ಎಂದಾಗ ನನಗೆ ಹಿಗ್ಗೋ ಹಿಗ್ಗು. ಸೂಜಿ ಎಂದರೆ ಮಾರು ದೂರ ಸರಿಯುವ ಹೆಂಗಸಿಗೆ ಅರವತ್ತು ದಾಟಿದ ಮೇಲೆ ಬುದ್ಧಿ ಬಂತು ನೋಡು ಎಂದು ಹೆಂಡತಿಯ ಮುಂದೆ ನಗೆಯಾಡಿದೆ. ಯಾಕೆ ಎಂದು ಮಾತ್ರ ಅವ್ವನನ್ನು ಕೇಳಲಿಲ್ಲ. ಆ ನಗೆ ನೆನಪಾದರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಸಂಶಿಯಿಂದ ಬಸ್ಸು ಹಿಡಿದು ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಸಮಾಧಾನದವರು. "ಏನ್ ತ್ರಾಸ ಐತ್ರಿ ಅಮ್ಮಾ?" ಎಂದು ಕೇಳಿದರು. ಅವ್ವ ಕೈ ಮುಂದೆ ಚಾಚಿ, "ನೀವಽ ನೋಡ್ರಿ" ಎಂದಳು.

ಅದು ಅವ್ವ ಚಿಕ್ಕಂದಿನಿಂದ ಕಂಡ ರೀತಿ. ಅವ್ವನ ತವರೂರಲ್ಲಿ ನಾಡಿ ನೋಡುವ ಅಜ್ಜ ಒಬ್ಬರಿದ್ದರಂತೆ. ಅವರ ಮುಂದೆ ರೋಗಿ ಬಾಯಿ ಬಿಡುವ ಹಾಗಿರಲಿಲ್ಲ. ಕೈ ಕೊಟ್ಟು ಸುಮ್ಮನೆ ಕುಳಿತರೆ, ಹೊಟ್ಟೆಯೋ ಸೊಂಟವೋ, ಎಂದಿನಿಂದಲೋ, ಎಲ್ಲವನ್ನೂ ಅವರೇ ಹೇಳಬೇಕು. ತಾನಾಗಿ ಹೇಳಿಬಿಟ್ಟರೆ ಅವರ ವಿದ್ಯೆಗೆ ಅವಮಾನ. ಬಾಯಿಬಿಟ್ಟು ಆಡಲಾಗದ ಕಾಯಿಲೆಗಳನ್ನು ಹೆಂಗಸರು ಹೀಗೆ ಕೈ ಚಾಚಿಯೇ ಹೇಳಿಸಿಕೊಳ್ಳುತ್ತಿದ್ದರು. ಬರೀ ನಾಡಿ ಅಷ್ಟು ಹೇಳುವುದಾದರೆ, ಮೈಯೊಳಗಿನ ರಕ್ತವನ್ನೇ ತೆಗೆದು ನೋಡಿದರೆ ಇನ್ನೆಷ್ಟು ಹೇಳಲಿಕ್ಕಿಲ್ಲ ಎಂದು ಅವ್ವ ನಂಬಿದ್ದಳು.

ನನಗೋ ನಾಚಿಕೆ. ಕಲಿತ ಮಗ ಪಕ್ಕದಲ್ಲಿ ಕುಳಿತಿರುವಾಗ ಈಕೆ ಹಳೇ ಕಾಲದವರ ಹಾಗೆ ಕೈ ಚಾಚುತ್ತಾಳಲ್ಲ ಎಂದು. "ಸುಸ್ತು ಆಗತೈತಿ ಅಂತಾಳ್ರಿ. ಬ್ಯಾರೆ ಏನಿಲ್ಲ" ಎಂದು ನಾನೇ ಉತ್ತರ ಕೊಟ್ಟೆ. ಡಾಕ್ಟರಮ್ಮ ಅವ್ವನ ಮುಖ ನೋಡಿ ಇನ್ನೊಮ್ಮೆ ಕೇಳಿದರು. ಅವ್ವ ನನ್ನ ಕಡೆ ಒಂದು ಸಲ ನೋಡಿ ಸೆರಗು ಸರಿಮಾಡಿಕೊಂಡಳು.

ರಿಪೋರ್ಟ್ ಸಂಜೆಗೆ ಬಂತು. ಸಕ್ಕರೆ, ಕಿಡ್ನಿ, ಥೈರಾಯ್ಡ್ ಎಲ್ಲ ಸರಿಯಾಗಿತ್ತು. ಹಿಮೋಗ್ಲೋಬಿನ್ ಮಾತ್ರ ತುಸು ಕಡಿಮೆ. ಕಬ್ಬಿಣಾಂಶದ ಗುಳಿಗೆ ಬರೆದುಕೊಟ್ಟು, ಬೇರೆ ಏನಾದರೂ ಕಂಡರೆ ತಪ್ಪದೆ ಬನ್ನಿ ಎಂದರು. ಹೊರಗೆ ಬಂದ ಮೇಲೆ ಅವ್ವ ಕೇಳಿದಳು:

"ಅದರಾಗ ಮತ್ತೇನೂ ಬರದಿಲ್ಲನು?"

"ಏನೂ ಇಲ್ಲಬೇ. ಅಗದಿ ಗಟ್ಟಿ ಅದಿ ನೀ."

"ಮತ್ತೊಮ್ಮೆ ಓದು."

ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು ಮೊದಲಿನಿಂದ ಕೊನೆಯವರೆಗೂ ಓದಿ ಹೇಳಿದೆ. ಅವ್ವ ಒಂದೊಂದು ಸಾಲನ್ನೂ ಗಮನವಿಟ್ಟು ಕೇಳಿ, "ಹಂಗಾರ ಏನೂ ಇಲ್ಲ" ಎಂದು ಉಸಿರು ಬಿಟ್ಟಳು. ಆಕೆಯ ಮುಖ ಹಗುರಾದದ್ದನ್ನು ನಾನು ಕಂಡೆ. ಸುಸ್ತು ಕಳೆಯಿತೆಂದು ತಿಳಿದೆ.

ಗುಳಿಗೆ ನುಂಗಿ ಎರಡು ತಿಂಗಳಿಗೆ ಹಿಮೋಗ್ಲೋಬಿನ್ ಸ್ವಲ್ಪ ಏರಿತು. ನಾನು ಗೆದ್ದವನ ಹಾಗೆ ಓಡಾಡಿದೆ. ಮನೆಯ ಮೇಲಿನ ಟ್ಯಾಂಕಿನಲ್ಲಿ ನೀರು ಕಡಿಮೆಯಾದರೆ ಪೈಪು ಎಲ್ಲಿ ಸೋರುತ್ತಿದೆ ಎಂದು ನೋಡುವವನು, ಅವ್ವನ ರಕ್ತ ಎಲ್ಲಿ ಹೋಗುತ್ತಿದೆ ಎಂದು ಒಂದು ದಿನವೂ ಯೋಚಿಸಲಿಲ್ಲ. ರಕ್ತ ಎಷ್ಟಿದೆ ಎಂದು ಆ ಕಾಗದ ಹೇಳಿತ್ತು. ಯಾಕೆ ಕಡಿಮೆಯಾಯಿತು ಎಂದು ಹೇಳಬೇಕಾದವಳು ಅವ್ವ.

ಅದಾಗಿ ನಾಲ್ಕು ತಿಂಗಳಿಗೆ, ಒಂದು ರವಿವಾರ ಹೆಂಡತಿ ಹಿತ್ತಲಿನಿಂದ ಗಾಬರಿಯಾಗಿ ಬಂದಳು. ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಹಳೇ ಸೀರೆಯ ತುಂಡುಗಳು ಸಿಕ್ಕಿದ್ದವು. "ನೋಡ್ರಿ, ಅತ್ತಿಯವ್ರಿಗೆ ರಕ್ತ ಹೋಗಾಕತ್ತೈತಿ. ಮುಟ್ಟು ನಿಂತು ಹತ್ತು ವರ್ಷ ಆತು. ಮೊದಲ ತಪಾಸಕ್ಕಿಂತ ಮುಂಚಿಂದ ಹಿಂಗಽ ಐತಂತ" ಎಂದಳು. ಇಷ್ಟು ದಿನ ಯಾಕೆ ಮುಚ್ಚಿಟ್ಟಿರಿ ಎಂದು ಸೊಸೆ ಕೇಳಿದರೆ, "ರಕ್ತ ನೋಡ್ಯಾರಲ್ಲ, ಏನರ ಇದ್ದಿದ್ರ ಅದರಾಗ ಬರತಿತ್ತು" ಎಂದಳಂತೆ ಅವ್ವ.

ಮರುದಿನವೇ ಅದೇ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಈ ಸಲ ಅವರು ಮೊದಲೇ, "ಸರ್, ನೀವ್ ಹೊರಗ ಕುಂದರ್ರಿ" ಎಂದರು. ಮುಚ್ಚಿದ ಬಾಗಿಲ ಹಿಂದೆ ಅವ್ವನ ದನಿ ಬಹಳ ಹೊತ್ತು ನಡೆದೇ ಇತ್ತು. ಅಷ್ಟು ಉದ್ದಕ್ಕೆ ಆಕೆ ನನ್ನ ಹತ್ತಿರ ಮಾತಾಡಿ ಎಷ್ಟು ವರ್ಷವಾಗಿತ್ತೋ.

ಸ್ಕ್ಯಾನಿಂಗ್ ಆಯಿತು, ಗರ್ಭಕೋಶದ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್. ಆಪರೇಶನ್ ಒಂದೇ ಸಾಲದು, ಗರ್ಭಕೋಶದ ಆಚೆಗೂ ಹರಡಿದೆ, ಕರೆಂಟ್, ಅಂದರೆ ರೇಡಿಯೇಶನ್, ಕೂಡ ಕೊಡಬೇಕು, ಎಷ್ಟರಮಟ್ಟಿಗೆ ವಾಸಿಯಾಗುತ್ತದೆಂದು ಈಗಲೇ ಹೇಳಲಾಗದು ಎಂದರು. ಆರು ತಿಂಗಳ ಹಿಂದೆ ತಿಳಿದಿದ್ದರೆ ಎಂದು ನಾನು ಬಾಯಿ ತೆರೆದೆ. ಅವರು ಕಾಗದ ಬರೆಯತೊಡಗಿದರು.

ಆಸ್ಪತ್ರೆಯ ಬೆಂಚಿನ ಮೇಲೆ ಅವ್ವನ ಮುಂದೆ ನನ್ನ ಸಿಟ್ಟು ಕಿತ್ತುಕೊಂಡು ಬಂತು. ಅಂಜಿಕೆಯೇ ಹಾಗೆ ಸಿಟ್ಟಾಗಿ ಬಂದಿತ್ತು.

"ಯಾಕಬೇ ಹೇಳಲಿಲ್ಲ? ಅವತ್ತ ಅವ್ರು ಎರಡೆರಡು ಸಲ ಕೇಳಿದ್ರು!"

ಅವ್ವ ನನ್ನ ಅಂಗಿಯ ತೋಳನ್ನು ಹಿಡಿದುಕೊಂಡಳು. ಆಕೆಗೆ ನನ್ನ ಮೇಲೆ ಸಿಟ್ಟಿರಲಿಲ್ಲ.

"ರಕ್ತಽ ಹೇಳತೈತಿ ಅನ್ಕೊಂಡಿದ್ದೆ. ಅಕಿ ಎರಡನೇ ಸಲ ಕೇಳಿದಾಗ, ಹೇಳಿಬಿಡೂಣು ಅಂತ ಬಾಯಿಗೆ ಬಂದಿತ್ತು. ಏನ್ ಮಾಡ್ಲಿ ಯಪ್ಪಾ, ನೀ ಎದ್ದು ಹೊರಗ ಹೋಗಲಿಲ್ಲಲ್ಲ."