ದೊಣೆಯಿಂದ ಇಳಿದು ಬಂದ ದಾರಿ

ದೆವ್ವ, ಪಿಶಾಚಿ, ಸತ್ತವರ ದನಿ ಎಂದು ಯಾರಾದರೂ ಮಾತು ತೆಗೆದರೆ ನಾನು ನಕ್ಕುಬಿಡುತ್ತಿದ್ದೆ. ಅದೂ ಎದುರಿನವರಿಗೆ ನಾಚಿಕೆಯಾಗುವ ಹಾಗೆ. ಅರಸೀಕೆರೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳುವ ಮೇಷ್ಟ್ರು ನಾನು. ಅದಕ್ಕೂ ಮೊದಲು ನಮ್ಮಪ್ಪನ ಮಗ. ಅಪ್ಪ ರೈಲ್ವೆ ನೌಕರಿಯಲ್ಲಿದ್ದಾಗಲೇ ಬೌದ್ಧರಾದವರು. "ಮೈಮೇಲೆ ದೇವ್ರು ಬಂತು ಅನ್ನೋರ್ನ ಒಂದೇ ಒಂದು ಪ್ರಶ್ನೆ ಕೇಳ್ರೋ, ದೇವ್ರು ಇಳಿದು ಓಡ್ತದೆ" ಎನ್ನುತ್ತಿದ್ದರು. ನಾನೂ ನನ್ನ ತಮ್ಮ ಆನಂದನೂ ಆ ಮಾತು ಕೇಳಿಕೊಂಡೇ ಬೆಳೆದೆವು. ಈಗ ನಾನು ಬರೆಯುತ್ತಿರುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದಿದ್ದರೆ ನಾನೇ ಮೊದಲು ನಗುತ್ತಿದ್ದೆ.

ಇದೆಲ್ಲ ನಡೆದ ಬೇಸಿಗೆಗೆ ಮುಂಚೆ ಒಂದು ವರ್ಷ ನಾನೂ ಆನಂದನೂ ಮಾತು ಬಿಟ್ಟಿದ್ದೆವು. ಅಪ್ಪ ತೀರಿಕೊಂಡಾಗ ನಡೆದ ಜಗಳ ಅದು. ತಿಥಿಗಿಥಿ ಏನೂ ಮಾಡಕೂಡದು ಎಂದು ಅಪ್ಪ ಬದುಕಿದ್ದಾಗಲೇ ಹೇಳಿದ್ದರು. ಆದರೆ ಅತ್ತೆಯರು ಎದೆ ಬಡಿದುಕೊಂಡು ಅತ್ತರು, ಅಣ್ಣನ ಆತ್ಮ ಬಾಗಿಲಲ್ಲಿ ಅಲೆಯುತ್ತದೆ ಎಂದರು. ಅಳುವ ಹೆಂಗಸರ ಎದುರು ನಿಲ್ಲುವ ಗಟ್ಟಿತನ ನನಗೆ ಯಾವತ್ತೂ ಇರಲಿಲ್ಲ. ಹನ್ನೊಂದನೇ ದಿನ ಎಡೆ ಇಡಲು ಒಪ್ಪಿಕೊಂಡೆ. ಬಾಳೆಲೆ ಹಾಸುತ್ತಿದ್ದಾಗ ಆನಂದ ಬಂದು ನಿಂತ. "ಅಪ್ಪನ್ನ ಎರಡನೇ ಸಲ ಸಾಯಿಸ್ಬಿಟ್ಟೆ ಕಣಣ್ಣ" ಎಂದ. ಚಪ್ಪಲಿ ಮೆಟ್ಟಿ ಹಾಸನಕ್ಕೆ ಹೋದವನು ತಿರುಗಿ ಬರಲಿಲ್ಲ, ಫೋನೂ ಎತ್ತಲಿಲ್ಲ.

ವರ್ಷ ಕಳೆದ ಮೇಲೆ ಅಮ್ಮನ ಕಣ್ಣಿನ ಆಪರೇಷನ್ನಿಗೆಂದು ಬಂದ. ಒಂದೇ ಮನೆಯಲ್ಲಿ ಇಬ್ಬರೂ ಮುಖ ತಪ್ಪಿಸಿಕೊಂಡು ಓಡಾಡುತ್ತಿದ್ದೆವು. ಆಗ ನನ್ನ ಸಹೋದ್ಯೋಗಿ ಚನ್ನಬಸಪ್ಪ ಮನೆಗೆ ಬಂದರು. ಹತ್ತಿರದ ಗಂಡಸಿ ಕಡೆಯವರು, ಊರಲ್ಲಿ ತೆಂಗಿನ ತೋಟವಿದೆ, ಹಣೆ ತುಂಬ ವಿಭೂತಿ. ನಮ್ಮ ಮನೆಯ ಗಾಳಿ ಅವರಿಗೆ ಅರ್ಥವಾಗಿತ್ತೋ ಏನೋ. "ಇಬ್ರೂ ಬನ್ನಿ ಸಾರ್, ನಮ್ಮ ಗುಡ್ಡದ್ ಮೇಲೆ ದೊಣೆ ಐತೆ. ಎಂಥ ಬೇಸಿಗೇಲೂ ಬತ್ತಲ್ಲ. ಈಜಾಡ್ಕೊಂಡು ಬರುವ" ಎಂದರು. ಆನಂದನಿಗೆ ಈಜೆಂದರೆ ಪ್ರಾಣ. ನನಗೆ ಈಜು ಬಾರದು. ಆದರೂ ಹೊರಟೆ, ತಮ್ಮನ ಹತ್ತಿರ ತಪ್ಪಾಯಿತು ಎಂದು ಹೇಳಲು ಒಂದು ಅವಕಾಶ ಬೇಕಾಗಿತ್ತು.

ತೋಟದ ಬೇಲಿ ದಾಟಿದರೆ ಕುರುಚಲು ಕಾಡು. ಲಂಟಾನ, ಕಾರೆಮುಳ್ಳು, ನಡುವೆ ಕುರಿಗಳು ಮಾಡಿದ ಸಣ್ಣ ಜಾಡು. ಒಬ್ಬರ ಹಿಂದೆ ಒಬ್ಬರು ನಡೆಯಬೇಕು, ಅರ್ಧ ಗಂಟೆ ಏರು. ಬೆಳಗಿನ ಹತ್ತಕ್ಕೇ ಬಂಡೆ ಕಾದು ಕಾವಲಿಯಾಗಿತ್ತು. ಮೇಲೆ ಹೋಗಿ ನೋಡಿದರೆ ಬಂಡೆಯ ಬಿರುಕಿನಲ್ಲಿ ಹಸಿರು ನೀರು, ತಂಪಾಗಿ ನಿಂತಿತ್ತು. ದೊಣೆ ನೇರವಾಗಿಲ್ಲ, ಮಧ್ಯದಲ್ಲಿ ತಿರುಗಿ ಒಂದು ಚಾಚುಬಂಡೆಯ ಅಡಿಗೆ ಹೋಗುತ್ತದೆ. ಅಲ್ಲಿಗೆ ಹೋದವರು ದಡದಲ್ಲಿದ್ದವರಿಗೆ ಕಾಣುವುದಿಲ್ಲ.

ಅದಕ್ಕೇ ಆ ಊರಿನ ಕುರಿಗಾಹಿಗಳು ಒಂದು ಪದ್ಧತಿ ಇಟ್ಟುಕೊಂಡಿದ್ದಾರೆ. ನೀರಿಗೆ ಇಳಿಯುವವರು ಒಬ್ಬೊಬ್ಬರೂ ಒಂದೊಂದು ಗಿಡದ ಸೊಪ್ಪು ಕಿತ್ತು, ದಡದ ಚಪ್ಪಟೆ ಬಂಡೆಯ ಮೇಲಿಟ್ಟು, ಅದರ ಮೇಲೊಂದು ಕಲ್ಲು ಹೇರುತ್ತಾರೆ. ಹತ್ತಿ ಬಂದವರು ತಮ್ಮ ಸೊಪ್ಪು ತೆಗೆದು ಎಸೆಯುತ್ತಾರೆ. ಸೊಪ್ಪು ಉಳಿದಿದ್ದರೆ ಯಾರೋ ನೀರಲ್ಲಿದ್ದಾರೆ ಎಂದರ್ಥ. ನನಗೆ ಬಹಳ ಹಿಡಿಸಿತು. "ಇದು ಮೂಢನಂಬಿಕೆಯಲ್ಲ ಚನ್ನಬಸಪ್ಪನವರೇ, ಹಾಜರಿ ಪುಸ್ತಕ" ಎಂದೆ. ಆನಂದ ನಕ್ಕ. ಒಂದು ವರ್ಷದ ಮೇಲೆ ನನ್ನ ಮಾತಿಗೆ ಅವನು ನಕ್ಕದ್ದು ಅದೇ ಮೊದಲು. ನಾನು ಹೊಂಗೆ ಇಟ್ಟೆ, ಚನ್ನಬಸಪ್ಪ ಬೇವು, ಆನಂದ ತಂಗಡಿ.

ಸ್ವಲ್ಪ ಹೊತ್ತಿಗೆ ಚನ್ನಬಸಪ್ಪನವರಿಗೆ ಮನೆಯಿಂದ ಫೋನ್ ಬಂತು, ಹಸು ಈಯುತ್ತಿದೆಯಂತೆ. "ನೀವು ನಿಧಾನಕ್ ಬನ್ನಿ ಸಾರ್" ಎಂದು ಬೇವಿನ ಸೊಪ್ಪು ತೆಗೆದೆಸೆದು ಇಳಿದು ಹೋದರು. ನಾನು ಸೊಂಟದ ನೀರಿನಲ್ಲಿ ನಿಂತು ಸಾಕಾಗಿ ಮೇಲೆ ಬಂದೆ. ಆನಂದ ತಿರುವಿನ ಆಚೆ ಈಜುತ್ತಿದ್ದ. "ಸಾಕು ಬಾರೋ" ಎಂದು ಕೂಗಿದೆ. "ಬತ್ತೀನಿ, ನಡಿಯಣ್ಣ" ಎಂದ. ಚಪ್ಪಟೆ ಬಂಡೆಗೆ ಬೆನ್ನು ಮಾಡಿ ಕೂತು ಬಟ್ಟೆ ಹಾಕಿಕೊಂಡೆ, ಶೂ ಕಟ್ಟಿದೆ, ಟವೆಲ್ ಹಿಂಡಿ ಚೀಲಕ್ಕೆ ತುಂಬಿದೆ. ಎದ್ದು ನನ್ನ ಹೊಂಗೆ ತೆಗೆಯಲು ಹೋದೆ. ಬಂಡೆಯ ಮೇಲೆ ನನ್ನ ಸೊಪ್ಪೊಂದೇ ಇತ್ತು. ತಂಗಡಿ ಇರಲಿಲ್ಲ. ಇದನ್ನು ನಾನು ಕಣ್ಣಾರೆ ಕಂಡೆ. ಆನಂದ ಹತ್ತಿ ಬಂದಿದ್ದಾನೆ, ಮರೆಯಲ್ಲಿ ಬಟ್ಟೆ ಬದಲಿಸುತ್ತಿರಬೇಕು ಎಂದುಕೊಂಡು, ಹೊಂಗೆ ತೆಗೆದೆಸೆದು ಜಾಡು ಹಿಡಿದೆ.

ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಹಿಂದೆ ಒದ್ದೆ ಚಪ್ಪಲಿಯ ಸದ್ದು ಕೇಳಿತು. ತಿರುಗಿ ನೋಡಲಿಲ್ಲ. ನಿಜ ಹೇಳುತ್ತೇನೆ, ನೋಡಲು ನನಗೆ ಧೈರ್ಯವಿರಲಿಲ್ಲ. ಹೇಳಬೇಕಾದ ಮಾತು ಬಾಯಿಗೆ ಬಂದಿತ್ತು, ಅವನ ಮುಖ ನೋಡಿದರೆ ಒಳಗೇ ಉಳಿದುಬಿಡುತ್ತಿತ್ತು. ಮುಂದೆ ನೋಡಿಕೊಂಡೇ ಹೇಳಿದೆ: "ಅವತ್ತು ನಾನು ಮಾಡಿದ್ದು ತಪ್ಪು ಕಣೋ. ಅಪ್ಪನ ಮಾತು ನಡೆಸಬೇಕಾಗಿತ್ತು." ಚಪ್ಪಲಿಯ ಸದ್ದು ಹಾಗೇ ಬರುತ್ತಿತ್ತು. ಆಮೇಲೆ ಆನಂದನ ದನಿ, ನನ್ನ ಬೆನ್ನಿಗೆ ಒಂದು ಮಾರು ದೂರದಿಂದ: "ಬಿಡಣ್ಣ. ನಂಗೇನೂ ಕೋಪ ಇಲ್ಲ ಈಗ." ನನಗೆ ಅಳು ಬಂತು. ಅದನ್ನು ಕಾಣಿಸಬಾರದೆಂದು ಇನ್ನೂ ಬಿರುಸಾಗಿ ನಡೆದೆ. ಅಮ್ಮನ ಕಣ್ಣಿನ ವಿಚಾರ ಮಾತಾಡಿದೆ, ಅವನು ಹೂಂಗುಟ್ಟಿದ. ಬೇಲಿ ಹತ್ತಿರ ಬಂದಾಗ ಮುಳ್ಳಿನ ತಡಿಕೆ ತೆಗೆದು, "ಮೊದಲು ನೀನು ದಾಟು" ಎಂದು ತಿರುಗಿದೆ.

ಜಾಡು ಖಾಲಿಯಾಗಿತ್ತು. ಬಿಸಿಲು ಬಿಟ್ಟು ಬೇರೇನೂ ಇರಲಿಲ್ಲ.

ಕೂಗಿದೆ. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ಬೈದೆ. ಆಮೇಲೆ ತೋಟದೊಳಗೆ ನುಗ್ಗಿದೆ. ಚನ್ನಬಸಪ್ಪನವರನ್ನೂ ತೋಟದ ಇಬ್ಬರು ಆಳುಗಳನ್ನೂ ಕರೆದುಕೊಂಡು ದೊಣೆಗೆ ಓಡಿದೆ. ಆನಂದನ ಬಟ್ಟೆ, ಚಪ್ಪಲಿ ದಡದಲ್ಲೇ ಇದ್ದವು. ಚಪ್ಪಲಿ ಒಣಗಿತ್ತು. ಚಾಚುಬಂಡೆಯ ಅಡಿಯಲ್ಲಿ ಕಲ್ಲಿನ ಸಂದಿಗೆ ಅವನ ಕಾಲು ಸಿಕ್ಕಿಕೊಂಡಿತ್ತು. ಎತ್ತಿ ಬಂಡೆಯ ಮೇಲೆ ಮಲಗಿಸಿದರು. ಯಾರು ಏನು ಮಾಡಿದರೂ ಅವನು ಉಸಿರಾಡಲಿಲ್ಲ.

"ಸೊಪ್ಪು ನೋಡ್ಲಿಲ್ವಾ ಸಾರ್?" ಎಂದರು ಚನ್ನಬಸಪ್ಪ. ನೋಡಿದೆ, ಇರಲಿಲ್ಲ ಎಂದೆ. ಅವರು ಚಪ್ಪಟೆ ಬಂಡೆಯ ಕಡೆ ಕೈ ತೋರಿಸಿದರು. ತಂಗಡಿ ಸೊಪ್ಪು ಇತ್ತು. ಬಾಡಿತ್ತು, ಅದರ ಮೇಲೆ ಕಲ್ಲೂ ಇತ್ತು.

ಏಳು ವರ್ಷವಾಯಿತು. ಅಂದಿನಿಂದ ನಾನು ಇದನ್ನು ಎಷ್ಟು ಸಲ ತಿರುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ. ಬಿಸಿಲಿಗೆ ಕಣ್ಣು ಕತ್ತಲಿಟ್ಟಿರಬಹುದು, ಇದ್ದ ಸೊಪ್ಪನ್ನೇ ಇಲ್ಲವೆಂದು ಕಂಡಿರಬಹುದು. ನನ್ನ ಶೂವಿನ ಸದ್ದೇ ಗುಡ್ಡಕ್ಕೆ ಬಡಿದು ಹಿಂದಿನಿಂದ ಕೇಳಿರಬಹುದು. ಕ್ಷಮೆ ಬೇಕಾದವನು ತನಗೆ ಬೇಕಾದ ಉತ್ತರವನ್ನು ತಾನೇ ಹೇಳಿಕೊಂಡಿರಬಹುದು. ಹಾಗಾದರೆ ತಮ್ಮ ನೀರಿನಡಿ ಒದ್ದಾಡುತ್ತಿದ್ದಾಗ ನಾನು ನನ್ನನ್ನೇ ಕ್ಷಮಿಸಿಕೊಂಡು ಗುಡ್ಡ ಇಳಿದೆ. ಆ ದನಿ ನಿಜವಾಗಿ ಅವನದೇ ಎಂದರೆ ಅವನು ನನ್ನನ್ನು ಕ್ಷಮಿಸಿದ್ದು ಸತ್ಯ. ಆದರೆ ಆ ಕ್ಷಮೆ ಪಡೆಯಲು ಅಪ್ಪನೂ ಅವನೂ ಜೀವಮಾನವೆಲ್ಲ ನಕ್ಕುಬಿಟ್ಟಿದ್ದನ್ನೇ ನಾನು ನಂಬಬೇಕು. ನಂಬಲೂ ಆಗುತ್ತಿಲ್ಲ, ಬಿಡಲೂ ಆಗುತ್ತಿಲ್ಲ. ತಪ್ಪಿಸಿಕೊಳ್ಳಲು ಕಟ್ಟಿದ ಕತೆ ಎಂದು ನೆಂಟರು ಮಾತಾಡಿಕೊಳ್ಳುವುದು ನನಗೆ ಗೊತ್ತು. ಅವರ ಮೇಲೆ ಸಿಟ್ಟು ಬರುವುದಿಲ್ಲ, ಕೆಲವು ದಿನ ನನಗೂ ಹಾಗೇ ಅನ್ನಿಸುತ್ತದೆ.

ನಂಬುವವಳು ಅಮ್ಮ ಒಬ್ಬಳೇ. ಸಂಜೆ ಹೊತ್ತು ಹತ್ತಿರ ಕೂತರೆ ನನ್ನ ಮೊಣಕೈ ಹಿಡಿದು ಕೇಳುತ್ತಾಳೆ, "ಎಲ್ಲೀಗಂಟ ಬಂದಪ್ಪ ಅವನು ನಿನ್ ಜೊತೆ?"

"ಬೇಲೀಗಂಟ ಬಂದಮ್ಮ" ಎನ್ನುತ್ತೇನೆ.

"ಅಷ್ಟು ದೂರ ಬಂದೋನು ಮನೇಗಂಟ ಬರ್ಬಾರ್ದಿತ್ತಾ?" ಎನ್ನುತ್ತಾಳೆ ಅಮ್ಮ.