ದೇವರ ಕಾಡಿಗೆ ಕೊಡಲಿ ಒಯ್ದವಳು

ತಿಕೋಟಾದಿಂದ ಬಬಲೇಶ್ವರದ ಕಡೆ ಹೊರಟರೆ ನಮ್ಮೂರ ಗುಡ್ಡದ ಕೆಳಗೆ ಒಂದಿಷ್ಟು ಹಳೆಯ ಕಾಡಿದೆ. ಕಾಡು ಅಂದಿದ್ದಕ್ಕೆ ನಗಬೇಡಿ. ಬನ್ನಿ, ಬೇವಿನ ಮರಗಳು, ಕಾರಿ, ಬಾರಿಯ ಮುಳ್ಳುಗಿಡಗಳು, ಯಾವುದೂ ಯಾರೂ ನೆಟ್ಟದ್ದಲ್ಲ. ಕುರಿ ಕಾಯುವ ನಮ್ಮ ಮಂದಿಗೆ ಅದು ದೇವರದು. ಅಲ್ಲಿ ಕೊಡಲಿ ಆಡಿಸುವಂತಿಲ್ಲ, ಬಿದ್ದ ಟೊಂಗೆಯನ್ನೂ ಮನೆಗೆ ತರುವಂತಿಲ್ಲ.

ನಾನು ವಿಜಯಪುರದಲ್ಲಿ ಶಿಕ್ಷಕಿ, ಅಥಣಿ ರಸ್ತೆಯಲ್ಲಿ ಮನೆ. ಹೋದ ಬೇಸಿಗೆ ಊರಿಗೆ ಹೋದಾಗ ಆ ಕಾಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲಿ ನೋಡಿದರೂ ಹೊರಗಿನಿಂದ ಬಂದು ಹಬ್ಬಿದ ಬಳ್ಳಾರಿ ಜಾಲಿಯ ಮುಳ್ಳು. ಅದರ ದಟ್ಟಣೆಗೆ ದೊಡ್ಡ ಬನ್ನಿಗಳ ಬುಡದಲ್ಲಿ ಒಂದೇ ಒಂದು ಬನ್ನಿ ಸಸಿಯೂ ಎದ್ದಿಲ್ಲ. ಈ ಮುದಿ ಗಿಡಗಳು ಬಿದ್ದ ದಿನ ಕಾಡೇ ಮುಗಿಯಿತು.

"ಯಪ್ಪಾ, ಈ ಜಾಲಿ ಕಿತ್ತು ಒಗೀಬೇಕು," ಕಾಡಂಚಿನ ನೆರಳಲ್ಲಿ ಕುರಿ ನಿಲ್ಲಿಸಿ ಕೂತಿದ್ದ ಅಪ್ಪನಿಗೆ ಅಂದೆ.

ಅಪ್ಪ ಕೆಂಡವಾದ. "ಹುಚ್ಚ ಹಿಡದೈತೇನ ಬೇ ನಿನಗ? ದೇವರ ಜಾಗಾ ಅದು. ಮನಷ್ಯಾರು ಕೈ ಹಾಕಬಾರದು."

ನನಗೂ ಪಿತ್ತ ನೆತ್ತಿಗೇರಿತು. ರಸ್ತೆ ಬದಿಯ ಜಾಲಿಕಾಯಿ ಮೇಯ್ದ ಕುರಿಗಳನ್ನು ಬೇಸಿಗೆಯುದ್ದಕ್ಕೂ ಆ ನೆರಳಿಗೆ ತಂದು ನಿಲ್ಲಿಸುವವರು ಯಾರು? ನಾವೇ. ದೇವರ ಮಣ್ಣಿಗೆ ಸೇರಲಿ ಎಂದು ಹಿಕ್ಕೆಯನ್ನೂ ಅಲ್ಲೇ ಬಿಡುವುದು ನಮ್ಮ ಪದ್ಧತಿ. ಒಂದು ಒಣ ಹಿಕ್ಕೆ ಒಡೆದು ಅಪ್ಪನ ಅಂಗೈಗೆ ಹಾಕಿದೆ. ಒಳಗೆ ಜಾಲಿ ಬೀಜ ಗಟ್ಟಿಯಾಗಿ ಕೂತಿತ್ತು.

"ನೋಡಪಾ, ಇದನ್ನ ದೇವರು ಬಿತ್ಯಾನೋ, ನಾವು ಬಿತ್ತೇವೋ?"

ಅಪ್ಪ ಅದನ್ನು ಕೊಡವಿ ಎದ್ದ. "ಕೊಡ್ಲಿ ಒಳಗ ಒಯ್ದಿ ಅಂದ್ರ ನನ್ನ ಮನಿ ಹೊಸ್ತಲಾ ತುಳೀಬ್ಯಾಡ."

ತುಳಿಯಲಿಲ್ಲ. ಭಾನುವಾರಕ್ಕೊಮ್ಮೆ ಬಸ್ಸು ಹತ್ತಿ ನೇರ ಕಾಡಿಗೇ ಹೋದೆ. ಜಾಲಿಯನ್ನು ಕಡಿದರೆ ಸಾಲದು, ಮತ್ತೆ ಚಿಗುರುತ್ತದೆ. ಬುಡ ಅಗೆದು ಬೇರು ಕೀಳಬೇಕು. ಅಂಗೈ ತುಂಬ ಬೊಬ್ಬೆ ಎದ್ದವು. "ಸಾಲಿ ಕಲಿಸಾಕಿಗೆ ದೇವರ ಅಂಜಿಕೀನ ಇಲ್ಲ ನೋಡ್ರಿ," ಎಂದು ಊರು ಆಡಿಕೊಂಡಿತು. ಆಡಿಕೊಳ್ಳಲಿ! ಬನ್ನಿಯ ಒಂದು ಟೊಂಗೆಯನ್ನೂ ನಾನು ಮುಟ್ಟಿಲ್ಲ. ತಂದು ಹಾಕುವಾಗ ನಾವು, ತೆಗೆಯುವಾಗ ಮಾತ್ರ ದೇವರೇ ತೆಗೆಯಲಿ ಅನ್ನುವುದು ಯಾವ ಭಕ್ತಿ? ಅದು ಶುದ್ಧ ಮೈಗಳ್ಳತನ. ಇನ್ನೂ ಅರ್ಧಕ್ಕಿಂತ ಹೆಚ್ಚು ಜಾಲಿ ಉಳಿದಿದೆ, ನಾನು ಬಿಡುವವಳಲ್ಲ.

ಈ ಬೇಸಿಗೆಯೂ ಅಪ್ಪ ನನ್ನೊಂದಿಗೆ ಮಾತಾಡಿಲ್ಲ. ಮೊನ್ನೆ ಬೇರು ಅಗೆಯುತ್ತಿದ್ದಾಗ ಹೊರಗೆ ಕುರಿಗಳ ಸದ್ದಾಯಿತು. ಮುಳ್ಳಿನ ಸಂದಿಯಿಂದ ನೋಡಿದೆ. ಅಪ್ಪ ತನ್ನ ಹಿಂಡನ್ನು ಸುಡುಬಿಸಿಲಿನ ಬಯಲಲ್ಲೇ ನಿಲ್ಲಿಸಿ, ತಾನೂ ಅಲ್ಲೇ ಕೂತಿದ್ದ. ಇನ್ನೊಬ್ಬ ಕುರಿಗಾರ ತನ್ನ ಕುರಿಗಳನ್ನು ನೆರಳಿಗೆ ಹೊಡೆದುಕೊಂಡು ಬಂದಾಗ ಎದ್ದು ಕೋಲು ಅಡ್ಡ ಹಿಡಿದ.

"ಒಳಗ ಬ್ಯಾಡಲೇ. ಮಗಳು ಕೆಲಸಾ ಮಾಡಾಕತ್ತಾಳ."