ಕಿವಿಗೆ ಹಿಡಿದ ಚಾಕು

ಆನ್‌ಲೈನಿನಲ್ಲಿ ತರಿಸಿದ ಅಗ್ಗದ ಚಾಕುವಿನ ಡಬ್ಬಿ ಬಿಚ್ಚಿದೆ. ಎಣ್ಣೆ ಸವರಿದ ಕಬ್ಬಿಣದ ವಾಸನೆ ಬಂತು. ಮರುಗಳಿಗೆ ನಾನು ಯಶವಂತಪುರದ ಸಂತೆಯಲ್ಲಿ, ಶೆಟ್ಟಿಹಳ್ಳಿಯ ನಮ್ಮಜ್ಜಿಯ ಸೆರಗು ಹಿಡಿದು ನಿಂತಿದ್ದೆ.

ದ್ರಾಕ್ಷಿ ತೋಟಕ್ಕೆ ಚಾಕು ಬೇಕಿತ್ತು. ಕಮ್ಮಾರ ಹೊಳೆಯುವುದನ್ನೇ ಮುಂದಿಟ್ಟ. ಅಜ್ಜಿ ಅತ್ತ ನೋಡಲೂ ಇಲ್ಲ. ಮೂಲೆಯಲ್ಲಿದ್ದ ಕರಿ ಚಾಕುವನ್ನು ಬೆರಳ ತುದಿಯಲ್ಲಿ ಇಳಿಬಿಟ್ಟು, ಅಲಗನ್ನು ಉಗುರಿನಿಂದ ಮೀಟಿ, ಕಿವಿಗೆ ಹಿಡಿದು ಕಣ್ಣು ಮುಚ್ಚಿದಳು. ಕಮ್ಮಾರ ಉಸಿರು ಬಿಗಿಹಿಡಿದು ಅವಳ ಮುಖವನ್ನೇ ನೋಡುತ್ತಿದ್ದ.

“ಹದವಾಗೈತೆ,” ಎಂದಳು. ಅವನ ಮುಖ ಅರಳಿತು.

ಆಮೇಲೆ ನನ್ನ ಕಿವಿಗೂ ಹಿಡಿದಳು. ಕಬ್ಬಿಣದೊಳಗೆ ಎಲ್ಲೋ ದೂರದ ಗಂಟೆ! “ಬಿರುಕಿದ್ರೆ ಇಂಗೆ ದನಿ ಕೊಡಾಕಿಲ್ಲ ಕಣವ್ವ.”

ಈಗ ಹೊಸ ಚಾಕುವನ್ನೂ ಮೀಟಿ ಕಿವಿಗೆ ಹಿಡಿದೆ. ಮಗಳು ನಕ್ಕಳು. “ಯಾರ್ದಮ್ಮಾ ಫೋನು?”

“ನಮ್ಮಜ್ಜೀದು ಕಣೇ. ಸುಮ್ನಿರು, ಕೇಳಿಸ್ತಿದೆ.”